ಎರಡು ಕೊಳಗ

ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ಸಂಘದ ವಾಚನಗೋಷ್ಠಿಯಲ್ಲಿ ಷೇಕ್ಸ್‌ಪಿಯರ್ ಮಹಾಕವಿಯ 'ಮೆಷರ್ ಫಾರ್ ಮೆಷರ್' ನಾಟಕವನ್ನು ಪಾತ್ರಗಳನ್ನು ಹಂಚಿಕೊಂಡು ಓದಿದೆವು. ನಗರದ ಶೀಲವನ್ನು ಕಾಯಲು ನಿಂತ ಅಧಿಕಾರಿಯೇ ತನ್ನ ಮುಂದೆ ಮೊರೆಯಿಡಲು ಬಂದ ಕನ್ಯೆಯ ಶೀಲವನ್ನು ಲಂಚವಾಗಿ ಕೇಳುವ ಸಂದರ್ಭ ಎರಡನೆಯ ಅಂಕದಲ್ಲಿ ಬರುತ್ತದೆ. ಆಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು, "ಇವನನ್ನು ನಾವು ಬಲ್ಲೆವು, ಪ್ರತಿ ಚುನಾವಣೆಗೂ ಬಂದು ಕೈಮುಗಿದು ಹೋಗುತ್ತಾನೆ" ಎಂದರು. ಸಭೆಯೆಲ್ಲ ನಕ್ಕಿತು; ನಾನೂ ನಕ್ಕೆ. ಮನೆಗೆ ಬಂದ ಮೇಲೆ ಆ ನಗೆ ಅಷ್ಟು ಸಲೀಸಾಗಿ ಬಂದುದೇಕೆಂಬ ಯೋಚನೆ ಹತ್ತಿತು. ಮುಂದಾಳುಗಳ ನೀತಿಯ ಸೋಗನ್ನು ಕುರಿತು ನಾವು ಆಡಿಕೊಳ್ಳುವ ಮಾತಿನಲ್ಲಿ ಒಂದು ಬಗೆಯ ವಿಶ್ರಾಂತಿಯಿದೆ. ಕಳ್ಳನು ಸಿಕ್ಕಿದನು, ಅವನು ನಾವಲ್ಲ ಎಂಬ ನೆಮ್ಮದಿ ಅದು. ಈ ನಾಟಕವನ್ನು ಆ ನೆಮ್ಮದಿಯಿಂದ ಓದಿ ಮುಗಿಸಿದರೆ ಅರ್ಧ ನಾಟಕವನ್ನು ಮಾತ್ರ ಓದಿದಂತಾಗುತ್ತದೆ. ಇದರಲ್ಲಿ ಸಿಕ್ಕಿಬಿದ್ದ ಸೋಗುಗಾರನೊಬ್ಬನಿದ್ದಾನೆ, ಸಿಕ್ಕಿಬೀಳದವನೂ ಒಬ್ಬನಿದ್ದಾನೆ. ಎರಡನೆಯವನ ಕಡೆಗೆ ವಾಚಕರ ದೃಷ್ಟಿಯನ್ನು ತಿರುಗಿಸಬೇಕೆಂಬುದೇ ಈ ಬರೆಹದ ಉದ್ದೇಶ.

ಸೋಗಿನ ನೀತಿಗೆ ನಮ್ಮ ನುಡಿಯಲ್ಲಿ ಹೆಸರುಗಳ ಕೊರತೆಯಿಲ್ಲ. ಗುರುವಿನ ಹಣದ ಗಂಟಿಗಾಗಿ ಶಿಷ್ಯವೃತ್ತಿಯನ್ನು ನಟಿಸಿದ ಪಂಚತಂತ್ರದ ಆಷಾಢಭೂತಿ ಇಂದು ಒಬ್ಬ ವ್ಯಕ್ತಿಯಾಗಿ ಉಳಿಯದೆ ಒಂದು ಕುಲಕ್ಕೇ ಹೆಸರಾಗಿದ್ದಾನೆ. ಮೀನಿಗಾಗಿ ಒಂಟಿಗಾಲಿನಲ್ಲಿ ನಿಂತ ಕೊಕ್ಕರೆಯಿಂದ ಬಕಧ್ಯಾನವೆಂಬ ಮಾತು ಬಂದಿತು. ಧರ್ಮದ ಬಾವುಟವನ್ನು ಎತ್ತಿಹಿಡಿದು ಪರಧನಕ್ಕೆ ಆಸೆಪಡುವವನನ್ನು ಮನುಸ್ಮೃತಿ ಬೆಕ್ಕಿನ ವ್ರತದವನೆಂದು ಕರೆದಿದೆ. ಆ ಬೆಕ್ಕಿನ ಕಥೆ ವ್ಯಾಸಭಾರತದ ಉದ್ಯೋಗಪರ್ವದಲ್ಲಿದೆ. ಗಂಗೆಯ ದಡದಲ್ಲಿ ತೋಳೆತ್ತಿ ತಪಸ್ಸಿಗೆ ನಿಂತ ಬೆಕ್ಕನ್ನು ಇಲಿಗಳು ನಂಬಿ ರಕ್ಷಣೆ ಬೇಡಿದುವು. ದಿನ ಕಳೆದಂತೆ ಇಲಿಗಳು ಕಡಮೆಯಾದುವು, ಬೆಕ್ಕು ಕೊಬ್ಬಿತು. ಮಾಮಲ್ಲಪುರದ ಹೆಬ್ಬಂಡೆಯ ಶಿಲ್ಪದಲ್ಲಿ ಆ ತಪಸ್ವಿ ಬೆಕ್ಕನ್ನೂ ಅದರ ಬಳಿಯ ಇಲಿಗಳನ್ನೂ ಇಂದಿಗೂ ಕಾಣಬಹುದು. ಆದರೆ ಕಥೆಯನ್ನು ನೆನೆಯುವವರು ಅದನ್ನು ಹೇಳಿದವನಾರೆಂಬುದನ್ನು ಮರೆಯುತ್ತಾರೆ. ಹೇಳಿದವನು ದುರ್ಯೋಧನ. ಯುದ್ಧಕ್ಕೆ ಮುನ್ನ ಶಕುನಿಯ ಮಗನಾದ ಉಲೂಕನನ್ನು ಪಾಂಡವರ ಪಾಳೆಯಕ್ಕೆ ಕಳುಹಿಸುವಾಗ, ಆ ಬೆಕ್ಕು ಧರ್ಮರಾಯನೇ ಎಂದು ಅವನ ಮುಖದ ಮುಂದೆ ಹೇಳಿಬರುವಂತೆ ಅಪ್ಪಣೆ ಮಾಡಿದನು. ಸೋಗನ್ನು ಬಯಲು ಮಾಡುವ ಕಥೆಗಳಲ್ಲಿ ಇಷ್ಟು ಹರಿತವಾದುದು ಎಂಥವನ ಬಾಯಿಂದ ಬಂದಿತು! ಧರ್ಮವನ್ನು ನಟಿಸುವವನಿಗಿಂತ ಅದನ್ನು ನಟಿಸುವ ಗೋಜಿಗೂ ಹೋಗದವನು ಮೇಲು, ಅವನಲ್ಲಿ ಮುಚ್ಚುಮರೆಯಾದರೂ ಇಲ್ಲ ಎಂಬ ವಾದ ಇಂದು ಎಲ್ಲ ದೇಶಗಳಲ್ಲಿಯೂ ಕೇಳಿಬರುತ್ತಿದೆ. ಅದರ ಮೂಲಪುರುಷ ಯಾರೆಂಬುದನ್ನು ನೆನಪಿನಲ್ಲಿಟ್ಟುಕೊಂಡು ನಾಟಕಕ್ಕೆ ಬರೋಣ.

'ಮೆಷರ್ ಫಾರ್ ಮೆಷರ್' 1604ನೆಯ ಇಸವಿಯ ಡಿಸೆಂಬರ್ 26ರಂದು ಹೊಸ ದೊರೆ ಜೇಮ್ಸನ ಆಸ್ಥಾನದಲ್ಲಿ ಪ್ರದರ್ಶಿತವಾಯಿತು. ಅಚ್ಚಾದುದು ಕವಿ ಗತಿಸಿದ ಏಳು ವರ್ಷಗಳ ಮೇಲೆ, 1623ರಲ್ಲಿ. ಹೆಸರು ಮತ್ತಾಯನ ಸುವಾರ್ತೆಯ ಏಳನೆಯ ಅಧ್ಯಾಯವನ್ನು ನೆನಪಿಗೆ ತರುತ್ತದೆ. ಪರರನ್ನು ಯಾವ ಮಾನದಿಂದ ಅಳೆಯುವೆವೋ ಅದರಿಂದಲೇ ನಾವೂ ಅಳೆಯಲ್ಪಡುವೆವೆಂಬುದು ಅಲ್ಲಿಯ ತಾತ್ಪರ್ಯ. ಇದನ್ನು ಕನ್ನಡದಲ್ಲಿ 'ಸೇರಿಗೆ ಸವಾಸೇರು' ಎನ್ನೋಣವೇ ಎಂದು ಗೋಷ್ಠಿಯಲ್ಲಿ ಒಬ್ಬರು ಕೇಳಿದರು. ಹಾಗೆಂದರೆ ಕಾಲು ಸೇರು ಹೆಚ್ಚಾಗುತ್ತದೆ; ಕವಿ ಕೇಳುವುದು ಸೇರಿಗೆ ಸೇರನ್ನೇ. ಕೊಡುವಾಗ ಒಂದು ಕೊಳಗ, ಕೊಳ್ಳುವಾಗ ಇನ್ನೊಂದು ಕೊಳಗ ಇಟ್ಟುಕೊಂಡ ವರ್ತಕನನ್ನು ನಮ್ಮ ರೈತರು ಚೆನ್ನಾಗಿ ಬಲ್ಲರು. ಈ ನಾಟಕದ ವಸ್ತು ಅದೇ ಎಂದರೆ ತಪ್ಪಾಗದು.

ವಿಯೆನ್ನಾ ನಗರದ ದೊರೆ ವಿನ್ಸೆನ್ಷಿಯೊ ಪರಸ್ಥಳಕ್ಕೆ ಹೋಗುವೆನೆಂದು ಸುಳ್ಳು ಹೇಳಿ, ಆಡಳಿತವನ್ನು ಆಂಜೆಲೊ ಎಂಬ ಕಟ್ಟುನಿಟ್ಟಿನ ಮನುಷ್ಯನಿಗೆ ಒಪ್ಪಿಸಿ, ಕ್ರೈಸ್ತ ಭಿಕ್ಷುವಿನ ವೇಷದಲ್ಲಿ ಅಲ್ಲಿಯೇ ಉಳಿಯುತ್ತಾನೆ. ವಿವಾಹಬಾಹಿರವಾದ ಕೂಟಕ್ಕೆ ಮರಣದಂಡನೆ ವಿಧಿಸುವ ಹಳೆಯ ಶಾಸನವೊಂದು ಧೂಳು ತುಂಬಿ ಮೂಲೆಯಲ್ಲಿ ಬಿದ್ದಿತ್ತು. ಅದು ಎಷ್ಟು ವರ್ಷ ಮಲಗಿತ್ತೆಂಬುದರಲ್ಲಿ ಮುದ್ರಿತ ಪಾಠಕ್ಕೆ ಏಕವಾಕ್ಯತೆಯಿಲ್ಲ: ಶಿಕ್ಷೆಗೆ ಗುರಿಯಾದ ಕ್ಲಾಡಿಯೊ 19 ಎನ್ನುತ್ತಾನೆ, ದೊರೆ 14 ಎನ್ನುತ್ತಾನೆ. ಲಿಪಿಕಾರನ ಪ್ರಮಾದವಿರಬಹುದು. ಪೆಟ್ಟು ತಿನ್ನುವವನ ಲೆಕ್ಕ ಒಂದು, ಆಳುವವನ ಲೆಕ್ಕ ಒಂದು ಎಂಬುದು ನನಗಂತೂ ಅಸಹಜವಾಗಿ ತೋರಲಿಲ್ಲ. ಆಂಜೆಲೊ ಆ ಶಾಸನವನ್ನು ಎಬ್ಬಿಸಿದಾಗ ಅದರ ಬಾಯಿಗೆ ಬಿದ್ದ ಕ್ಲಾಡಿಯೊ ಲಂಪಟನಲ್ಲ. ಜೂಲಿಯೆಟ್ಟಳಿಗೆ ವಚನವಿತ್ತು ಕೂಡಿದವನು. ಅವಳ ವರದಕ್ಷಿಣೆ ಬಂಧುಗಳ ಕೈಯಿಂದ ಬರುವವರೆಗೆ ಮದುವೆಯನ್ನು ಬಹಿರಂಗಪಡಿಸದೆ ಇದ್ದರು. ಅಷ್ಟರಲ್ಲಿ ಅವಳು ಬಸುರಾದಳು. ಅದೇ ಹೊತ್ತಿಗೆ ಹೊರಟ ಇನ್ನೊಂದು ಅಪ್ಪಣೆಯನ್ನು ಗಮನಿಸತಕ್ಕದ್ದು. ಊರ ಹೊರಗಣ ವೇಶ್ಯಾಗೃಹಗಳನ್ನು ಕೆಡವಬೇಕೆಂದು ಡಂಗುರವಾಗುತ್ತದೆ. ಊರೊಳಗಿನವು ಉಳಿಯುತ್ತವೆ, ಏಕೆಂದರೆ ಬುದ್ಧಿವಂತನಾದ ನಾಗರಿಕನೊಬ್ಬ ಅವುಗಳ ಪರವಾಗಿ ಮಧ್ಯಸ್ಥಿಕೆ ವಹಿಸಿದ್ದಾನೆ. ವಿದೂಷಕನ ಬಾಯಲ್ಲಿ ಹಾದುಹೋಗುವ ಮಾತು ಇದು. ಆಂಜೆಲೊ ಪಾಪಕ್ಕೆ ಬೀಳುವುದಕ್ಕೆ ಮುಂಚೆಯೇ ಎರಡು ಕೊಳಗಗಳೂ ಅಂಗಡಿಯಲ್ಲಿದ್ದುವೆಂಬುದನ್ನು ತಿಳಿಸುತ್ತದೆ.

ಆಂಜೆಲೊ ಮೊದಲಿನಿಂದಲೇ ಸೋಗುಗಾರನೆ? ಅಲ್ಲವೆಂದು ನನ್ನ ಅಭಿಪ್ರಾಯ. ಆಷಾಢಭೂತಿಯಂತೆ ಗಂಟಿನ ಮೇಲೆ ಕಣ್ಣಿಟ್ಟು ವ್ರತ ಹಿಡಿದವನಲ್ಲ. ತನ್ನ ವ್ರತವನ್ನು ತಾನು ನಂಬಿದವನು. ವೃದ್ಧನಾದ ಎಸ್ಕಲಸ್, ಕಾಲ ದೇಶಗಳು ಕೂಡಿಬಂದಿದ್ದರೆ ನೀನೂ ಎಂದಾದರೂ ಜಾರುತ್ತಿರಲಿಲ್ಲವೆ ಎಂದು ಮೃದುವಾಗಿ ಕೇಳಿದಾಗ ಆಂಜೆಲೊ ಕೊಡುವ ಉತ್ತರ ತರ್ಕದಲ್ಲಿ ನಿರ್ದುಷ್ಟವಾದುದು: ಆಸೆಯಾಗುವುದು ಬೇರೆ, ಬೀಳುವುದು ಬೇರೆ. ತೀರ್ಪು ಕೊಡುವ ಹನ್ನೆರಡು ಮಂದಿಯಲ್ಲಿ ಆಪಾದಿತನಿಗಿಂತ ದೊಡ್ಡ ಕಳ್ಳರು ಒಬ್ಬಿಬ್ಬರಿರಬಹುದು. ಅದರಿಂದ ಸಿಕ್ಕಿದ ಕಳ್ಳನ ಕಳವು ಕಳವಲ್ಲವೆಂದಾಗದು. ತಾನು ಹೀಗೆ ತಪ್ಪಿದ ದಿನ ತನ್ನ ತೀರ್ಪೇ ತನ್ನ ಸಾವಿಗೆ ಮೇಲ್ಪಂಕ್ತಿಯಾಗಲೆಂದೂ ಅವನು ಸೇರಿಸುತ್ತಾನೆ. ಆಮೇಲೆ ಕ್ಲಾಡಿಯೊವಿನ ತಂಗಿ, ಮಠ ಸೇರಲು ಸಿದ್ಧಳಾಗಿದ್ದ ಇಸಬೆಲ್ಲ, ಅಣ್ಣನ ಪ್ರಾಣಭಿಕ್ಷೆಗೆ ಬರುತ್ತಾಳೆ. ಚೆಲುವೆಯರ ಒಯ್ಯಾರಕ್ಕೆ ಸೋಲದವನು ಅವಳ ಸಾತ್ತ್ವಿಕತೆಗೇ ಸೋಲುತ್ತಾನೆ. ದೇವರ ಹೆಸರು ತುಟಿಯಲ್ಲಿ ಮಾತ್ರ ಇದ್ದು ಎದೆಯಲ್ಲಿ ಕೇಡು ಊದಿಕೊಳ್ಳುತ್ತಿದೆಯೆಂದು ಒಂಟಿಯಾಗಿರುವಾಗ ಒಪ್ಪಿಕೊಳ್ಳುತ್ತಾನೆ. ತನ್ನನ್ನು ತಾನು ಇಷ್ಟು ಸ್ಪಷ್ಟವಾಗಿ ಕಾಣಬಲ್ಲವನನ್ನು ನೋಡಿ ನಗುವುದು ಸುಲಭವಲ್ಲ.

ಸೋಗು ಮೊದಲಾಗುವುದು ಕಾಮ ಹುಟ್ಟಿದ ಗಳಿಗೆಯಲ್ಲಲ್ಲ. ಇಸಬೆಲ್ಲ ಊರಿಗೆಲ್ಲ ಸಾರುವೆನೆಂದು ಕೂಗಿದ ಗಳಿಗೆಯಲ್ಲಿ. ಆಗ ಆಂಜೆಲೊ ತನ್ನ ಕಳಂಕವಿಲ್ಲದ ಹೆಸರನ್ನೂ ಕಠಿಣವಾದ ಬಾಳನ್ನೂ ರಾಜ್ಯದಲ್ಲಿ ತನಗಿರುವ ಸ್ಥಾನವನ್ನೂ ಅವಳ ಮುಂದೆ ಒಂದೊಂದಾಗಿ ಇಡುತ್ತಾನೆ, ನಿನ್ನ ಮಾತನ್ನು ಯಾರು ನಂಬುವರೆಂದು ಕೇಳುತ್ತಾನೆ. ಅದುವರೆಗೆ ಗುಣವಾಗಿದ್ದುದು ಆ ಕ್ಷಣ ಆಯುಧವಾಯಿತು. ಆ ಸತ್ಕೀರ್ತಿಯಲ್ಲಿ ಹಳೆಯ ಬಿರುಕೊಂದು ಇದ್ದುದೂ ಮುಂದೆ ತಿಳಿದುಬರುತ್ತದೆ. ಐದು ವರ್ಷಗಳ ಹಿಂದೆ ಮೇರಿಯಾನಳೊಡನೆ ಅವನ ವಿವಾಹ ನಿಶ್ಚಯವಾಗಿತ್ತು. ಅವಳ ಅಣ್ಣ ವರದಕ್ಷಿಣೆಯೊಡನೆ ಕಡಲಲ್ಲಿ ಮುಳುಗಿದ. ಆಂಜೆಲೊ ಅವಳ ನಡತೆಯ ಮೇಲೆ ಅಪವಾದ ಹೊರಿಸಿ ಕೈಬಿಟ್ಟ. ವರದಕ್ಷಿಣೆಗಾಗಿ ಮದುವೆಯನ್ನು ಮುಂದೂಡಿದವನಿಗೆ ಕೊಡಲಿ. ವರದಕ್ಷಿಣೆಗಾಗಿ ಮದುವೆಯನ್ನೇ ಮುರಿದವನಿಗೆ ನ್ಯಾಯಪೀಠ! ಕೊನೆಗೆ, ತಾನು ಬಯಸಿದುದು ದೊರೆಯಿತೆಂದು ನಂಬಿದ ಮೇಲೆಯೂ ಕ್ಲಾಡಿಯೊವಿನ ತಲೆಯನ್ನು ಬೆಳಗಾಗುವಷ್ಟರಲ್ಲಿ ಕಳುಹಿಸಬೇಕೆಂದು ಸೆರೆಮನೆಗೆ ಬರೆಯುತ್ತಾನೆ. ಅವನ ಅಪರಾಧದ ತಿರುಳಿರುವುದು ಇಲ್ಲಿ. ದುರ್ಬಲತೆಯನ್ನು ಮನ್ನಿಸಬಹುದು. ಅದೇ ದುರ್ಬಲತೆಗಾಗಿ ಇನ್ನೊಬ್ಬನನ್ನು ಕೊಲ್ಲಿಸುವುದನ್ನು ಯಾವ ಲೆಕ್ಕಕ್ಕೆ ಸೇರಿಸೋಣ?

ಎಸ್ಕಲಸನ ಪ್ರಶ್ನೆ ಕಾವ್ಯದಲ್ಲಿಯೇ ಉಳಿದುದಲ್ಲ. ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಯುವತಿಯೊಬ್ಬಳೊಡನಿದ್ದ ಸಂಬಂಧವನ್ನು 1998ರ ಜನವರಿಯಲ್ಲಿ ಅಲ್ಲಗಳೆದು ಆಗಸ್ಟಿನಲ್ಲಿ ಒಪ್ಪಿಕೊಂಡನು. ಪ್ರಮಾಣಪೂರ್ವಕವಾಗಿ ಸುಳ್ಳಾಡಿದ ಮತ್ತು ನ್ಯಾಯಕ್ಕೆ ಅಡ್ಡಿಮಾಡಿದ ಆಪಾದನೆಗಳ ಮೇಲೆ ಪ್ರತಿನಿಧಿಸಭೆ ಆ ವರ್ಷದ ಡಿಸೆಂಬರ್ 19ರಂದು ಅವನ ಮೇಲೆ ದೋಷಾರೋಪಣೆ ಮಾಡಿತು. 1999ರ ಫೆಬ್ರವರಿ 12ರಂದು ಸೆನೆಟ್ ಸಭೆ ಬಿಡುಗಡೆ ಮಾಡಿತು. ತೀರ್ಪಿಗೆ ಕುಳಿತವರ ಕಡೆ ನೋಡೋಣ. ನ್ಯಾಯಸಮಿತಿಯ ಅಧ್ಯಕ್ಷ ಹೆನ್ರಿ ಹೈಡ್ ವಿವಾಹಿತೆಯೊಬ್ಬಳೊಡನೆ ಇರಿಸಿಕೊಂಡಿದ್ದ ಹಳೆಯ ಸಂಬಂಧ ಆ ಸೆಪ್ಟೆಂಬರಿನಲ್ಲಿ ಬಯಲಾಯಿತು. ಅದನ್ನು ಆತ ಹರೆಯದ ಅವಿವೇಕವೆಂದನು, ಆ ಹರೆಯ ನಾಲ್ವತ್ತನ್ನು ದಾಟಿತ್ತು. ಸಭಾಧ್ಯಕ್ಷನಾಗಿದ್ದ ನ್ಯೂಟ್ ಗಿಂಗ್ರಿಚ್ ತನಗೂ ಆಗ ಅಂಥದೇ ಸಂಬಂಧವಿತ್ತೆಂದು 2007ರಲ್ಲಿ ಒಪ್ಪಿಕೊಂಡನು. ಅವನ ಸ್ಥಾನಕ್ಕೆ ಆಯ್ಕೆಯಾಗಿದ್ದ ಬಾಬ್ ಲಿವಿಂಗ್‌ಸ್ಟನ್ ದೋಷಾರೋಪಣೆಯ ದಿನವೇ ಎದ್ದುನಿಂತು ಅಧ್ಯಕ್ಷನು ರಾಜೀನಾಮೆ ಕೊಡಬೇಕೆಂದನು. ಎದುರು ಪಕ್ಷದವರು ನೀನೇ ಕೊಡು ಎಂದು ಕೂಗಿದರು. ತನ್ನ ಪರಸ್ತ್ರೀಸಂಬಂಧವನ್ನು ಆಗಲೇ ಒಪ್ಪಿಕೊಂಡಿದ್ದ ಆತ ಆ ಸ್ಥಾನವನ್ನು ಬಿಟ್ಟುಕೊಡುವೆನೆಂದು ಅಲ್ಲಿಯೇ ಸಾರಿದನು. ಇವರೆಲ್ಲರಲ್ಲಿ ಒಂದೇ ಕೊಳಗದಿಂದ ಅಳೆದವನು ಇವನೊಬ್ಬನೆಂದು ಹೇಳಬೇಕಾಗಿದೆ. ತೀರ್ಪುಗಾರರು ಕಳಂಕಿತರಾದುದರಿಂದ ಕ್ಲಿಂಟನ್ನನ ಸುಳ್ಳು ನಿಜವಾಗಲಿಲ್ಲ. ಆಂಜೆಲೊವಿನ ತರ್ಕ ಅಷ್ಟರ ಮಟ್ಟಿಗೆ ಸರಿ. ಆದರೆ ಕೂಗಾಟವೆಲ್ಲ ಮುಗಿದ ಮೇಲೆ ನಡೆದುದು ಇನ್ನೂ ಘೋರವಾದುದು. ನಿಷ್ಕಳಂಕನಾದವನೊಬ್ಬ ಬೇಕೆಂದು ಹುಡುಕಿ ಡೆನಿಸ್ ಹ್ಯಾಸ್ಟರ್ಟ್ ಎಂಬವನನ್ನು ಆ ಪೀಠಕ್ಕೆ ಏರಿಸಿದರು. 1999ರಿಂದ ಎಂಟು ವರ್ಷ ಅವನು ಅದರ ಮೇಲೆ ಕುಳಿತನು. ಶಾಲೆಯಲ್ಲಿ ಕುಸ್ತಿ ಕಲಿಸುತ್ತಿದ್ದ ಕಾಲದಲ್ಲಿ ಅವನು ಹುಡುಗರನ್ನು ಕೆಡಿಸಿದ್ದನೆಂಬುದು ಹೊರಬಿದ್ದುದು ಆಮೇಲೆ. ಆ ಅಪರಾಧದ ವಿಚಾರಣೆಯ ಅವಧಿ ಮೀರಿಹೋಗಿದ್ದುದರಿಂದ, ಒಬ್ಬನ ಬಾಯಿ ಮುಚ್ಚಿಸಲು ಬ್ಯಾಂಕಿನಿಂದ ಹಣವನ್ನು ಕಳ್ಳತನದಿಂದ ಚೂರುಚೂರಾಗಿ ತೆಗೆದುದಕ್ಕಾಗಿ ಮಾತ್ರ 2016ರಲ್ಲಿ 15 ತಿಂಗಳ ಸೆರೆಯಾಯಿತು. ಒಳ್ಳೆಯ ಹೆಸರುಳ್ಳವನ ಮುಂದೆ ನಿನ್ನ ಮಾತನ್ನು ಯಾರು ನಂಬುವರೆಂಬ ಆಂಜೆಲೊವಿನ ಪ್ರಶ್ನೆಯನ್ನು ಆ ಹುಡುಗರು ಎಷ್ಟು ವರ್ಷ ಎದೆಯಲ್ಲಿ ಹೊತ್ತಿದ್ದರೋ!

ಆ ಸಭೆಯಲ್ಲಿ ಸಿಕ್ಕಿಬಿದ್ದವರನ್ನು ಕಂಡು ಜಗತ್ತು ನಗುತ್ತಿದ್ದಾಗ ಸಿಕ್ಕಿಬೀಳದವನು ಪೀಠವೇರಿದನಷ್ಟೆ. ನಾಟಕದಲ್ಲಿಯೂ ಎಲ್ಲರ ದೃಷ್ಟಿ ಆಂಜೆಲೊವಿನ ಮೇಲೆ ನೆಟ್ಟಿರುವಾಗ ನೆರಳಿನಲ್ಲಿ ಓಡಾಡುವವನು ದೊರೆ. ಷೇಕ್ಸ್‌ಪಿಯರನಿಗೆ ಆಧಾರವಾದ ಕೃತಿಗಳಲ್ಲೊಂದು 1578ರಲ್ಲಿ ಅಚ್ಚಾದ ವೆಟ್‌ಸ್ಟನ್ನನ ನಾಟಕ. ಅದರಲ್ಲಿ ಕನ್ಯೆ ಅಣ್ಣನಿಗಾಗಿ ಸೋಲುತ್ತಾಳೆ. ಅನ್ಯಾಯವೆಲ್ಲ ನಡೆದ ಮೇಲೆ ದೂರದಲ್ಲಿದ್ದ ರಾಜ ಬಂದು ನ್ಯಾಯ ಹೇಳುತ್ತಾನೆ. ನಮ್ಮ ಕವಿ ರಾಜನನ್ನು ದೂರದಲ್ಲಿಡಲಿಲ್ಲ. ಸೆರೆಮನೆಯೊಳಕ್ಕೆ, ಅಳುವವರ ಪಕ್ಕಕ್ಕೆ, ವೇಷ ತೊಡಿಸಿ ತಂದನು. ಈ ಒಂದು ಮಾರ್ಪಾಟಿನಿಂದ ಕಥೆಯ ಸ್ವರೂಪವೇ ಬೇರೆಯಾಯಿತು. ಪ್ರಜೆಗಳನ್ನು ಕಾಯುವ ದೈವದ ಪ್ರತೀಕವೇ ಈ ದೊರೆ ಎಂದು ಅನೇಕ ಪಂಡಿತರು ವ್ಯಾಖ್ಯಾನಿಸಿದ್ದಾರೆ. ಅವರ ವಿದ್ವತ್ತಿಗೆ ತಲೆಬಾಗಿಯೂ ಅದನ್ನು ಒಪ್ಪಲು ನನ್ನಿಂದಾಗಲಿಲ್ಲ.

ದೊರೆ ತಾನಾಗಿ ಹೇಳಿಕೊಳ್ಳುವುದನ್ನೇ ಕೇಳೋಣ. ಕಾನೂನನ್ನು ಸಡಿಲಬಿಟ್ಟವನು ತಾನು. ಈಗ ತಾನೇ ಬಿಗಿದರೆ ಜನ ತನ್ನನ್ನು ಕ್ರೂರಿಯೆನ್ನುತ್ತಾರೆ. ಆದುದರಿಂದ ಆಂಜೆಲೊ ತನ್ನ ಹೆಸರಿನ ಮರೆಯಲ್ಲಿ ಹೊಡೆಯಲಿ, ತನಗೆ ಮಾತ್ರ ಅಪಕೀರ್ತಿ ತಟ್ಟದಿರಲಿ. ಭಿಕ್ಷುವೊಬ್ಬನ ಮುಂದೆ ಮೊದಲ ಅಂಕದಲ್ಲಿಯೇ ಇದನ್ನು ಒಪ್ಪಿಕೊಳ್ಳುತ್ತಾನೆ. ಅಧಿಕಾರ ಮನುಷ್ಯನ ಸಂಕಲ್ಪವನ್ನು ಕೆಡಿಸುವುದೋ ಎಂದು ಪರೀಕ್ಷಿಸುವ ಕುತೂಹಲವನ್ನೂ ಸೇರಿಸುತ್ತಾನೆ. ಪರೀಕ್ಷೆ ಆಂಜೆಲೊವಿಗೆ, ಅದರ ಶುಲ್ಕವನ್ನು ತೆತ್ತವರು ಕ್ಲಾಡಿಯೊ, ಜೂಲಿಯೆಟ್, ಇಸಬೆಲ್ಲ. ಭಿಕ್ಷುವಿನ ಉಡುಪು ತೊಟ್ಟು, ಪಾಪನಿವೇದನೆಯನ್ನು ಕೇಳುವ ಅಧಿಕಾರವಿಲ್ಲದೆ ಸೆರೆಯವರ ಅಂತರಂಗವನ್ನು ಕೇಳುತ್ತಾನೆ. ಇಸಬೆಲ್ಲಳ ಬದಲು ಮೇರಿಯಾನಳನ್ನು ಕತ್ತಲೆಯಲ್ಲಿ ಆಂಜೆಲೊವಿನ ಬಳಿಗೆ ಕಳುಹಿಸುವ ಉಪಾಯವೂ ಅವನದೇ. ನಿಶ್ಚಿತಾರ್ಥವಾದವರು, ಆದುದರಿಂದ ಪಾಪವಿಲ್ಲ ಎಂದು ಸಮಾಧಾನ ಹೇಳುತ್ತಾನೆ. ಕ್ಲಾಡಿಯೊ ಜೂಲಿಯೆಟ್ಟರೂ ವಚನಬದ್ಧರೇ ಅಲ್ಲವೆ? ಯಾವ ಕೃತ್ಯಕ್ಕಾಗಿ ಒಬ್ಬನ ತಲೆ ಹೋಗಬೇಕೆಂದು ಅವನ ರಾಜ್ಯದ ಕಾನೂನು ಹೇಳುತ್ತದೆಯೋ ಅದೇ ಕೃತ್ಯವನ್ನು ಪವಿತ್ರವಸ್ತ್ರ ತೊಟ್ಟು ತಾನೇ ಏರ್ಪಡಿಸುತ್ತಾನೆ. ಇದು ಸದುದ್ದೇಶದಿಂದ ಮಾಡಿದುದು ನಿಜ. ಆದರೆ ತನ್ನ ಉದ್ದೇಶ ಸದುದ್ದೇಶವೆಂದು ತಿಳಿಯದ ಆಳುವವನು ಎಲ್ಲಿದ್ದಾನೆ?

ಇದಕ್ಕಿಂತಲೂ ಮನಸ್ಸನ್ನು ನೋಯಿಸುವ ಸಂಗತಿ ಇನ್ನೊಂದು. ಕ್ಲಾಡಿಯೊ ಉಳಿದಿದ್ದಾನೆ, ಜ್ವರದಿಂದ ಸತ್ತ ಕಡಲುಗಳ್ಳನೊಬ್ಬನ ತಲೆಯನ್ನು ಆಂಜೆಲೊವಿಗೆ ಕಳುಹಿಸಲಾಗಿದೆ. ದೊರೆಗೆ ಇದು ಗೊತ್ತು. ಆದರೂ ಇಸಬೆಲ್ಲಳಿಗೆ ಅಣ್ಣನ ತಲೆ ಬಿದ್ದಿತೆಂದು ಹೇಳುತ್ತಾನೆ. ನಿರಾಶೆಯ ಬಳಿಕ ಬಂದ ಸಂತೋಷ ಹೆಚ್ಚು ಸಿಹಿಯಾಗುವುದೆಂದು ಅವನ ಲೆಕ್ಕ. ಊರಬಾಗಿಲಲ್ಲಿ ಜನರೆಲ್ಲ ನೆರೆದಿರುವಾಗ ತನ್ನ ಕೀರ್ತಿಗೆ ತಕ್ಕ ಪುರಪ್ರವೇಶ ನಡೆಯಬೇಕಾಗಿದೆ. ಅದಕ್ಕೆ ಅವಳ ಕಣ್ಣೀರು ಬೇಕು. ಮೆರವಣಿಗೆಯ ಮುಹೂರ್ತ ಬರುವವರೆಗೆ ದುಃಖಿಗಳನ್ನು ಕಾಯಿಸುವ ಈ ಪದ್ಧತಿಯನ್ನು ಪರಿಹಾರಧನದ ಸಮಾರಂಭಗಳಲ್ಲಿ ಸಾಲಾಗಿ ಕುಳಿತ ಹೆಂಗಸರನ್ನು ಕಂಡವರಿಗೆ ನಾನು ವಿವರಿಸಬೇಕಾಗಿಲ್ಲ.

ಕಡೆಯ ಅಂಕದ ಕ್ಷಮಾದಾನಗಳ ಪಟ್ಟಿಯನ್ನು ನೋಡಿ. ಒಂಬತ್ತು ವರ್ಷದಿಂದ ಸೆರೆಯಲ್ಲಿದ್ದ, ಕುಡಿದ ಅಮಲಿನಲ್ಲಿ ಇಂದು ಸಾಯಲಾರೆನೆಂದು ಹಟಹಿಡಿದ ಕೊಲೆಗಾರ ಬಾರ್ನಡೈನನಿಗೆ ಕ್ಷಮೆ. ಆಂಜೆಲೊವಿಗೆ ಮೇರಿಯಾನಳೊಡನೆ ಮದುವೆ ಮಾಡಿಸಿ ಕ್ಷಮೆ. ಕೋಲ್‌ರಿಜ್ ಮಹಾಶಯನು ಈ ನಾಟಕವನ್ನು ದ್ವೇಷಿಸಿದುದಕ್ಕೆ ಅದೇ ಮುಖ್ಯ ಕಾರಣ. ದೊರೆ ತನ್ನಿಂದ ಕ್ಷಮಿಸಲಾಗದೆಂದು ಬಾಯಿಬಿಟ್ಟು ಹೇಳುವುದು ಒಬ್ಬನನ್ನು ಮಾತ್ರ: ಲೂಷಿಯೊವನ್ನು. ಅವನ ಅಪರಾಧವೇನು? ಭಿಕ್ಷುವೆಂದು ತಿಳಿದು ದೊರೆಯ ಎದುರಿಗೇ ದೊರೆಯ ಮೇಲೆ ಹಗುರವಾದ ಮಾತಾಡಿದ್ದ, ದೊರೆಗೂ ಹೆಂಗಸರ ಚಾಪಲ್ಯವಿತ್ತೆಂದಿದ್ದ. ಅದು ಸುಳ್ಳೇ ಇರಬೇಕು. ಲೂಷಿಯೊ ಯೋಗ್ಯನೂ ಅಲ್ಲ. ತನ್ನಿಂದ ಕೂಸು ಹೆತ್ತವಳಿಗೆ ಕೊಟ್ಟ ಮಾತನ್ನು ತಪ್ಪಿದವನು. ಆದರೆ ಅವನ ಶಿಕ್ಷೆ ಆ ತಾಯಿಗಾಗಿ ಬಂದುದಲ್ಲ. ದೊರೆಯನ್ನು ನಿಂದಿಸಿದವನು ಅದಕ್ಕೆ ಅರ್ಹನೆಂದು ದೊರೆಯೇ ಸ್ಪಷ್ಟಪಡಿಸುತ್ತಾನೆ. ಚಾವಟಿ, ನೇಣುಗಳನ್ನು ವಿಧಿಸಿ, ಬಳಿಕ ಬಿಟ್ಟು, ಅವಳೊಡನೆ ಮದುವೆಯನ್ನು ಮಾತ್ರ ಉಳಿಸುತ್ತಾನೆ. ಪರರಿಗಾದ ಗಾಯ ಎಷ್ಟು ದೊಡ್ಡದಾದರೂ ಕ್ಷಮೆಯ ಕೊಳಗ. ತನ್ನ ಹೆಸರಿಗೆ ತಗುಲಿದ ಗೀರಿಗೆ ಬೇರೆಯ ಕೊಳಗ. ಕವಿ ಇದರ ಮೇಲೆ ಟೀಕೆ ಮಾಡುವುದಿಲ್ಲ. ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಸುಮ್ಮನಾಗಿದ್ದಾನೆ.

ಹಾಗಾದರೆ ನೀತಿಯ ಮಾತೆಲ್ಲ ಬರಿಯ ಆಡಂಬರವೋ, ದುರ್ಯೋಧನನ ಪಕ್ಷವೇ ಗೆದ್ದಿತೋ ಎಂದು ವಾಚಕರು ಕೇಳಬಹುದು. ನಾಟಕ ಅದಕ್ಕೆ ಅವಕಾಶ ಕೊಡುವುದಿಲ್ಲ. ಸಿಕ್ಕಿಬಿದ್ದ ಆಂಜೆಲೊ ತನಗೆ ಮರಣವೇ ಆಗಲೆಂದು ಬೇಡುತ್ತಾನೆ. ಎಸ್ಕಲಸನಿಗೆ ಕೊಟ್ಟ ಮಾತನ್ನು, ತಡವಾಗಿಯಾದರೂ, ಉಳಿಸಿಕೊಳ್ಳುತ್ತಾನೆ. ಮೇರಿಯಾನಳು ಗಂಡನನ್ನು ಉಳಿಸೆಂದು ಇಸಬೆಲ್ಲಳನ್ನು ಅಂಗಲಾಚಿದಾಗ, ದೊರೆ ಅಡ್ಡಬಂದು, ಅಣ್ಣನನ್ನು ಕೊಂದವನಿಗಾಗಿ ಅವಳು ಮೊಣಕಾಲೂರುವುದು ಅಸಾಧ್ಯವೆನ್ನುತ್ತಾನೆ. ಇಸಬೆಲ್ಲ ಮೊಣಕಾಲೂರುತ್ತಾಳೆ. ಅಣ್ಣ ಬದುಕಿದ್ದಾನೆಂಬುದು ಅವಳಿಗೆ ಇನ್ನೂ ತಿಳಿಯದು. ಹಿಂದೆ ಅವಳಲ್ಲಿಯೂ ಒಂದು ಗಡಸುತನವಿತ್ತು; ಪ್ರಾಣಭಯದಿಂದ ತತ್ತರಿಸಿದ ಕ್ಲಾಡಿಯೊವನ್ನು ಸೆರೆಮನೆಯಲ್ಲಿ ಕಟುವಾಗಿ ಜರೆದಿದ್ದಳು. ಈಗ ಆಡುವ ಮಾತಿನಲ್ಲಿ ಕಣ್ಣೀರಿಗಿಂತ ನ್ಯಾಯವಿಚಾರವೇ ಹೆಚ್ಚು: ತನ್ನನ್ನು ಕಾಣುವವರೆಗೆ ಈತನ ನಡತೆ ಪ್ರಾಮಾಣಿಕವಾಗಿತ್ತೆಂದು ತೋರುತ್ತದೆ, ಅಣ್ಣ ಮಾಡಿದ ಕೃತ್ಯಕ್ಕೆ ಶಿಕ್ಷೆಯಾಯಿತು, ಈತನ ಕೆಟ್ಟ ಎಣಿಕೆ ಎಣಿಕೆಯಾಗಿಯೇ ಉಳಿಯಿತು. ಅಳೆಯುವ ಕೊಳಗ ತನ್ನ ಕೈಗೆ ಬಂದಾಗ, ತನ್ನ ಶತ್ರುವಿನ ವಿಷಯದಲ್ಲಿಯೇ, ಅದನ್ನು ಓರೆಮಾಡದೆ ಹಿಡಿದವಳು ಇಡೀ ನಾಟಕದಲ್ಲಿ ಇವಳೊಬ್ಬಳೇ. ಇವಳಿಗೆ ಪದವಿಯಿಲ್ಲ, ಸಭೆಯಲ್ಲಿ ಸ್ಥಾನವಿಲ್ಲ. ಸ್ವಲ್ಪ ಹೊತ್ತಿಗೆ ಮುಂಚೆ ಇದೇ ಬೀದಿಯಲ್ಲಿ ಹುಚ್ಚಿಯೆಂದು ಸೆರೆಹಿಡಿಯಲ್ಪಟ್ಟಿದ್ದವಳು.

ಕ್ಲಾಡಿಯೊವಿನ ಮುಸುಕನ್ನು ತೆಗೆಯುತ್ತಾರೆ. ಅಣ್ಣತಂಗಿಯರು ಒಂದು ಮಾತನ್ನೂ ಆಡುವುದಿಲ್ಲ. ಅದೇ ಉಸಿರಿನಲ್ಲಿ ದೊರೆ ಇಸಬೆಲ್ಲಳ ಕೈಯನ್ನು ತನಗಾಗಿ ಕೇಳುತ್ತಾನೆ; ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಕೇಳುತ್ತಾನೆ. ಅವಳಿಗೆ ಕವಿ ಉತ್ತರವನ್ನು ಬರೆದಿಲ್ಲ. ರಂಗದ ಮೇಲೆ ಇದನ್ನು ಸಮ್ಮತಿಯ ಲಜ್ಜೆಯೆಂದು ಆಡಿದವರುಂಟು, ಬೆನ್ನು ತಿರುಗಿಸಿ ನಡೆದವರೂ ಉಂಟು. ನಮ್ಮ ಗೋಷ್ಠಿಯಲ್ಲಿ ಅವಳ ಪಾತ್ರವನ್ನು ಓದುತ್ತಿದ್ದ ಅಧ್ಯಾಪಕಿಯವರು ತಮ್ಮ ಮಾತು ಮುಗಿಯಿತೆಂದು ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಹೊರಗಿನ ಮಳೆಯನ್ನು ನೋಡುತ್ತ ಕುಳಿತಿದ್ದರು. ದೊರೆಯ ಪಾತ್ರದವರು ಇನ್ನೂ ಓದುತ್ತಿದ್ದರು.